ಸರ್ಕಾರಿ ಐಟಿಐ ಒಳಗೆ ಕಾರ್ಖಾನೆಯವರಿಗೇನು ಕೆಲಸ?

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನೋ ಮಗಳನ್ನೋ ಕರೆದುಕೊಂಡು ಸರ್ಕಾರಿ ಐಟಿಐಗೆ ಹೋದರೆ, ಪ್ರಾಚಾರ್ಯರ ಕೋಣೆಯ ಹೊರಗೆ ಒಂದು ಬೋರ್ಡು ಕಾಣಿಸಬಹುದು. ‘ಸಂಸ್ಥಾ ನಿರ್ವಹಣಾ ಸಮಿತಿ’ ಅಂತ ತಲೆಬರಹ. ಕೆಳಗೆ ಹನ್ನೊಂದು ಹೆಸರು. ಮೊದಲನೆಯದು ಪ್ರಾಚಾರ್ಯರದ್ದಲ್ಲ, ಇಲಾಖೆಯ ಅಧಿಕಾರಿಯದ್ದೂ ಅಲ್ಲ. ಯಾವುದೋ ಕಾರ್ಖಾನೆಯವರದ್ದು. ಪ್ರಾಚಾರ್ಯರು ಇರುವುದು ‘ಸದಸ್ಯ ಕಾರ್ಯದರ್ಶಿ’ ಅಂತ, ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ.

ಫೀಸು, ಹಾಸ್ಟೆಲು, ಬಸ್ ಪಾಸು ವಿಚಾರಿಸುವ ಗಡಿಬಿಡಿಯಲ್ಲಿ ಆ ಬೋರ್ಡನ್ನು ಓದುವವರು ಕಡಿಮೆ. ಓದಿದವರಿಗೆ ಒಂದು ಅನುಮಾನ ಬರುತ್ತದೆ. ಇದು ಸರ್ಕಾರಿ ಐಟಿಐ ತಾನೆ? ಖಾಸಗಿಯವರಿಗೆ ಇಲ್ಲೇನು ಕೆಲಸ?

ಈ ಪ್ರಶ್ನೆಗೆ ಈಗ ತೂಕ ಬಂದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಐಟಿಐಗಳ ಸುಧಾರಣೆಗೆ 60,000 ಕೋಟಿ ರೂಪಾಯಿಯ ಯೋಜನೆಯೊಂದನ್ನು ಒಪ್ಪಿತು. ಅದೇ ವರ್ಷ ಅಕ್ಟೋಬರ್ 4ರಂದು ‘ಪಿಎಂ ಸೇತು’ ಹೆಸರಿನಲ್ಲಿ ಅದು ಚಾಲೂ ಆಯಿತು. ದೇಶದ 1,000 ಸರ್ಕಾರಿ ಐಟಿಐಗಳು ಇದರಡಿ ಬರುತ್ತವೆ. ಹಣದಲ್ಲಿ ಅರ್ಧ ಕೇಂದ್ರದ್ದು, 20,000 ಕೋಟಿ ರಾಜ್ಯಗಳದ್ದು, ಉಳಿದ 10,000 ಕೋಟಿ ಉದ್ಯಮಗಳದ್ದು. ದುಡ್ಡು ಹಾಕಿದವರು ಸುಮ್ನೆ ಕೂರುವುದಿಲ್ಲ, ಅಲ್ವಾ? ಹಾಗಾಗಿ ಈ ಸಮಿತಿ ಅಂದರೆ ಏನು, ಅದು ಏನು ಮಾಡಬಹುದು, ಏನು ಮಾಡಲಾಗದು ಅನ್ನುವುದನ್ನು ಬುಡದಿಂದ ನೋಡೋಣ.

ಮನೆಯ ದೋಸೆ, ದರ್ಶಿನಿಯ ದೋಸೆ

ಮನೆಯಲ್ಲಿ ಚೆನ್ನಾಗಿ ದೋಸೆ ಹುಯ್ಯುವವರನ್ನು ಬೆಳಿಗ್ಗೆ ಎಂಟೂವರೆಗೆ ಒಂದು ದರ್ಶಿನಿಯ ಹಂಚಿನ ಮುಂದೆ ನಿಲ್ಲಿಸಿ. ಹಿಟ್ಟು ಅದೇ, ಕೈ ಅದೇ. ಆದರೆ ಹಂಚು ಮಂಚದಷ್ಟಿದೆ. ಒಂದೇ ಸಲಕ್ಕೆ ಹನ್ನೆರಡು ಹುಯ್ಯಬೇಕು. ಎದುರಿಗೆ ಟೋಕನ್ ಹಿಡಿದವರ ಸಾಲು. ಮೊದಲ ಮೂರು ದಿನ ಅವರು ತಬ್ಬಿಬ್ಬಾಗುತ್ತಾರೆ. ಅವರಿಗೆ ಅಡುಗೆ ಬರುವುದಿಲ್ಲ ಅಂತಲ್ಲ. ಕಲಿತ ಜಾಗ ಬೇರೆ, ಕೆಲಸದ ಜಾಗ ಬೇರೆ.

ಐಟಿಐ ಮುಗಿಸಿ ಕಾರ್ಖಾನೆಯ ಗೇಟು ದಾಟುವ ಹುಡುಗರದ್ದೂ ಇದೇ ಕತೆ. ಫಿಟ್ಟರ್ ಟ್ರೇಡು ಎರಡು ವರ್ಷ, ವೆಲ್ಡರ್ ಟ್ರೇಡು ಒಂದು ವರ್ಷ. ಕಲಿತದ್ದು ಸುಳ್ಳಲ್ಲ. ಆದರೆ ಕಾರ್ಖಾನೆಯ ಮಷೀನು, ಅಲ್ಲಿನ ವೇಗ, ಡ್ರಾಯಿಂಗ್ ಓದುವ ರೀತಿ, ರೀಡಿಂಗ್ ಬರೆದಿಡುವ ಶಿಸ್ತು, ಎಲ್ಲ ಹೊಸದು. ಈ ಅಂತರ ಕಡಿಮೆ ಮಾಡಬೇಕಾದರೆ ದರ್ಶಿನಿಯವರು ಅಡುಗೆ ಕಲಿಸುವ ಜಾಗಕ್ಕೇ ಬಂದು ‘ನಮ್ಮಲ್ಲಿ ಹೀಗೆ ನಡೆಯುತ್ತೆ’ ಅಂತ ಹೇಳಬೇಕು. ಅದಕ್ಕೇ ಸಮಿತಿ. ಕಲಿಸುವವರು ಮತ್ತು ಕೆಲಸ ಕೊಡುವವರು ಒಂದು ಮೇಜಿನ ಸುತ್ತ ಕೂತು ಮಾತಾಡುವ ವ್ಯವಸ್ಥೆ ಅದು.

ಊರು ಹಲವು, ಪಠ್ಯ ಒಂದು

ಹಾಗಾದರೆ ಕಾರ್ಖಾನೆಯವರು ಬಂದು ಪಠ್ಯವನ್ನೇ ಬದಲಿಸಬಹುದಾ? ಇಲ್ಲ. ಎಷ್ಟೋ ಜನ ಎಡವುವುದು ಇಲ್ಲೇ, ಸಮಿತಿಗೆ ಹೊಸದಾಗಿ ಬಂದ ಕಾರ್ಖಾನೆಯವರೂ ಸೇರಿ.

ಐಟಿಐಗಳಲ್ಲಿ ನಡೆಯುವುದು 1950ರಲ್ಲಿ ಶುರುವಾದ ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ. ಪಠ್ಯ, ಪರೀಕ್ಷೆ, ಪ್ರಮಾಣಪತ್ರ ಇವೆಲ್ಲದರ ಚೌಕಟ್ಟು ರಾಷ್ಟ್ರಮಟ್ಟದ್ದು. ಐಟಿಐ ನಡೆಸುವುದು ಮಾತ್ರ ರಾಜ್ಯ. ಬೆಳಗಾವಿಯ ಫಿಟ್ಟರ್ ಓದುವುದನ್ನೇ ಬಿಹಾರದ ಫಿಟ್ಟರ್ ಕೂಡ ಓದುತ್ತಾನೆ. ಇದಕ್ಕೆ ಒಳ್ಳೆಯ ಕಾರಣವಿದೆ. ಮಂಡ್ಯದಲ್ಲಿ ಪಡೆದ ಸರ್ಟಿಫಿಕೇಟು ಪುಣೆಯಲ್ಲೂ ನಡೆಯಬೇಕು, ರೈಲ್ವೆಯಲ್ಲೂ ನಡೆಯಬೇಕು.

ಇದರ ಇನ್ನೊಂದು ಮುಖವೂ ಇದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸ ಜಾಸ್ತಿ. ಬೆಂಗಳೂರಿನ ಪೀಣ್ಯದಲ್ಲಿ ಮಷೀನ್ ಶಾಪುಗಳು. ಮಂಗಳೂರಿನಲ್ಲಿ ಬಂದರು ಮತ್ತು ಅದರ ಸುತ್ತಲಿನ ಕೆಲಸಗಳು. ಒಂದೇ ಅಳತೆಯ ಅಂಗಿ ಎಲ್ಲರಿಗೂ ಆಗುವುದಿಲ್ಲ. ಅಂಗಿ ಹೊಲಿಯುವುದು ದೆಹಲಿಯಲ್ಲಿ, ತೋಳು ಮೋಟು ಮಾಡುವುದು, ಗುಂಡಿ ಹಾಕುವುದು ಊರಲ್ಲಿ. ಸ್ಥಳೀಯ ಸಮಿತಿಯ ಕೆಲಸ ಈ ಎರಡನೆಯದು. ಕೇಳಲು ಸಣ್ಣದು ಅನಿಸುತ್ತದೆ. ಆದರೆ ತೋಳು ಉದ್ದವಾದ ಅಂಗಿ ಹಾಕಿಕೊಂಡು ಲೇಥ್ ಮುಂದೆ ನಿಲ್ಲಲಾಗುವುದಿಲ್ಲ.

ಇಲ್ಲಿ ಇನ್ನೊಂದು ಹೆಸರು ಗೊಂದಲ ಮಾಡುತ್ತದೆ: ‘ಸೆಕ್ಟರ್ ಸ್ಕಿಲ್ ಕೌನ್ಸಿಲ್’. ಅವೂ ಉದ್ಯಮದವರೇ ಮುಂದೆ ನಿಂತ ಮಂಡಳಿಗಳು. ಆದರೆ ಅವು ರಾಷ್ಟ್ರಮಟ್ಟದವು, ವಾಹನ, ಜವಳಿ ಹೀಗೆ ಒಂದೊಂದು ವಲಯಕ್ಕೆ ಒಂದೊಂದು. ಒಂದು ಹುದ್ದೆಯಲ್ಲಿರುವವರಿಗೆ ಏನೇನು ಬರಬೇಕು ಎಂಬ ಪಟ್ಟಿ ಮಾಡುವುದು ಅವುಗಳ ಮುಖ್ಯ ಕೆಲಸ. ನಿಮ್ಮೂರಿನ ಐಟಿಐ ಬೋರ್ಡಿನ ಮೇಲಿರುವ ಸಮಿತಿಗೂ ಅವಕ್ಕೂ ನೇರ ನಂಟಿಲ್ಲ.

ಹೇಳುವುದು, ನಡೆಸುವುದು, ಹೊಣೆ ಹೊರುವುದು

ಉದ್ಯಮದವರ ಪಾತ್ರದಲ್ಲಿ ಮೂರು ಮೆಟ್ಟಿಲಿವೆ. ಊರ ಜಾತ್ರೆಯ ಹಾಗೆ ಯೋಚಿಸಿ. ಕಟ್ಟೆಯ ಮೇಲೆ ಕೂತು ‘ಈ ಸಲ ಪೆಂಡಾಲು ದೊಡ್ಡದಿರಲಿ’ ಅನ್ನುವವರು ಇರುತ್ತಾರೆ. ಅದು ಸಲಹೆ. ಕೇಳಬಹುದು, ಬಿಡಬಹುದು. ಜಾತ್ರಾ ಸಮಿತಿಯಲ್ಲಿ ಇದ್ದು ಬ್ಯಾಂಕ್ ಖಾತೆಗೆ ಸಹಿ ಹಾಕುವವರು ಬೇರೆ. ಅದು ನಿರ್ವಹಣೆ. ಕೈಯಿಂದ ದುಡ್ಡು ಹಾಕಿ, ಇಡೀ ಜಾತ್ರೆಯ ಹೊಣೆ ಹೊತ್ತು, ಲೆಕ್ಕ ಒಪ್ಪಿಸುವವರು ಮೂರನೆಯವರು.

ಮೊದಲ ಮೆಟ್ಟಿಲು ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ವೃತ್ತಿ ಶಿಕ್ಷಣಕ್ಕೆ ಕೇಂದ್ರದ ಹಣ ಬರುವುದು ಪರ್ಕಿನ್ಸ್ ಕಾಯ್ದೆಯಡಿ. ಅದರ 2018ರ ತಿದ್ದುಪಡಿಯ ಪ್ರಕಾರ, ಹಣ ಪಡೆಯುವ ಶಾಲೆಗಳು ಕನಿಷ್ಠ ಎರಡು ವರ್ಷಕ್ಕೊಮ್ಮೆ ಸ್ಥಳೀಯ ಅಗತ್ಯಗಳ ಲೆಕ್ಕ ಹಾಕಬೇಕು. ಆಗ ಉದ್ಯಮದವರನ್ನು ಕೇಳಲೇಬೇಕು. ಕೇಳುವುದು ಕಡ್ಡಾಯ. ಆದರೆ ಶಾಲೆಯ ಬೀಗದ ಕೈ ಅವರಿಗೆ ಹೋಗುವುದಿಲ್ಲ.

ನಮ್ಮ ಐಟಿಐಗಳು ಎರಡನೇ ಮೆಟ್ಟಿಲಿಗೆ ದೊಡ್ಡ ಪ್ರಮಾಣದಲ್ಲಿ ಏರಿದ್ದು 2007–08ರಲ್ಲಿ. 1,396 ಸರ್ಕಾರಿ ಐಟಿಐಗಳನ್ನು ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದಲ್ಲಿ ಮೇಲೆತ್ತುವ ಯೋಜನೆ ಆಗ ಬಂತು. ಪ್ರತಿ ಐಟಿಐಗೂ ಒಂದು ಕಾರ್ಖಾನೆಯನ್ನೋ ಉದ್ಯಮ ಸಂಸ್ಥೆಯನ್ನೋ ಜೋಡಿಸಿದರು. ನಿರ್ವಹಣಾ ಸಮಿತಿಯನ್ನು ಸೊಸೈಟಿಯಾಗಿ ನೋಂದಾಯಿಸಿದರು. ಹನ್ನೊಂದು ಹೆಸರಿನ ಲೆಕ್ಕ ಅಲ್ಲಿಂದ ಬಂದದ್ದು. ಅಧ್ಯಕ್ಷರು ಆ ಉದ್ಯಮದವರು. ಅವರೇ ಸೂಚಿಸಿದ ಸ್ಥಳೀಯ ಉದ್ಯಮದ ನಾಲ್ವರು. ರಾಜ್ಯ ಸರ್ಕಾರ ಸೂಚಿಸುವ ಐವರು: ಜಿಲ್ಲಾ ಉದ್ಯೋಗಾಧಿಕಾರಿ, ಇಲಾಖೆಯ ಒಬ್ಬರು, ಸ್ಥಳೀಯ ಶಿಕ್ಷಣ ಕ್ಷೇತ್ರದ ಒಬ್ಬ ತಜ್ಞ, ಐಟಿಐಯ ಒಬ್ಬ ಹಿರಿಯ ಬೋಧಕ, ಒಬ್ಬ ವಿದ್ಯಾರ್ಥಿ. ಕಾರ್ಯದರ್ಶಿಯಾಗಿ ಪ್ರಾಚಾರ್ಯರು.

ಹೌದು, ವಿದ್ಯಾರ್ಥಿಗೂ ಒಂದು ಕುರ್ಚಿ ಇದೆ. ಎಷ್ಟು ವಿದ್ಯಾರ್ಥಿಗಳಿಗೆ ಇದು ಗೊತ್ತಿದೆ ಅನ್ನುವುದು ಬೇರೆ ಮಾತು.

ಈ ಸೊಸೈಟಿಗೆ ಕೇಂದ್ರ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಮೊದಲ 10 ವರ್ಷ ಕಂತಿಲ್ಲ. ಆಮೇಲಿನ 20 ವರ್ಷದಲ್ಲಿ ತೀರಿಸಬೇಕು. ಐಟಿಐಯನ್ನು ಹೇಗೆ ಬೆಳೆಸುತ್ತೇವೆ ಎಂಬ ಯೋಜನೆಯನ್ನು ಸಮಿತಿಯೇ ಬರೆಯಬೇಕು. 20% ಸೀಟುಗಳವರೆಗೆ ಪ್ರವೇಶ ನಿರ್ಧರಿಸುವ ಅಧಿಕಾರವೂ ಸಿಕ್ಕಿತು. ಕಟ್ಟಡ, ಜಾಗ, ಸಿಬ್ಬಂದಿ ಮಾತ್ರ ಸರ್ಕಾರದ್ದೇ. ಬೋರ್ಡಿನ ಮೇಲೆ ಕಾರ್ಖಾನೆಯವರ ಹೆಸರಿದ್ದ ಮಾತ್ರಕ್ಕೆ ಐಟಿಐ ಮಾರಾಟವಾಗಿದೆ ಅಂತ ಅರ್ಥ ಅಲ್ಲ.

‘ಸಾಲ’ ಅನ್ನುವ ಪದವನ್ನು ಗಮನಿಸಿ. ಅನುದಾನ ಬಂದರೆ ಖರ್ಚು ಮಾಡುತ್ತಾರೆ. ಸಾಲ ಬಂದರೆ ಹೆದರುತ್ತಾರೆ. ಮುಂದೆ ತೀರಿಸುವವರು ಯಾರು, ನಾನು ವರ್ಗವಾಗಿ ಹೋದ ಮೇಲೆ ಯಾರ ಕುತ್ತಿಗೆಗೆ ಬರುತ್ತೆ ಅನ್ನುವ ಲೆಕ್ಕ ಶುರುವಾಗುತ್ತದೆ. ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಸಣ್ಣಪುಟ್ಟದ್ದು ಮಾಡಿಕೊಂಡು ಹೋಗುವುದು ಸೇಫು ಅನಿಸಿದರೆ ಆಶ್ಚರ್ಯವಿಲ್ಲ.

ಕರ್ನಾಟಕ ನಡುವೆ ಇನ್ನೊಂದು ದಾರಿ ಹಿಡಿಯಿತು. ಟಾಟಾ ಟೆಕ್ನಾಲಜೀಸ್ ಮತ್ತು ಇತರ ಉದ್ಯಮಗಳ ಜತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ‘ಟೆಕ್ನಾಲಜಿ ಹಬ್’ ಮಾಡಿತು. 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆ ಆಯಿತು. ರೋಬೋಟು, ಕಂಪ್ಯೂಟರ್ ಹೇಳಿದಂತೆ ನಡೆಯುವ ಹೊಸ ಸಿಎನ್‌ಸಿ ಮಷೀನುಗಳು ತಾಲ್ಲೂಕು ಮಟ್ಟಕ್ಕೂ ಬಂದವು. ಇದು ಒಂದೊಂದು ಊರಿನ ಸಮಿತಿ ಕೂತು ತೀರ್ಮಾನಿಸಿದ್ದಲ್ಲ, ರಾಜ್ಯಮಟ್ಟದಲ್ಲಿ ಆದ ಒಪ್ಪಂದ. ಮಷೀನು ಬಂದ ಮೇಲೆ ಅದರ ಮುಂದೆ ಯಾರು ನಿಲ್ಲಬೇಕು, ಹತ್ತಿರದಲ್ಲಿ ಅಂಥ ಮಷೀನಿರುವ ಕಾರ್ಖಾನೆ ಯಾವುದು ಅನ್ನುವುದು ಮತ್ತೆ ಊರಿನ ಪ್ರಶ್ನೆಯೇ.

ಪಿಎಂ ಸೇತು ಮೂರನೇ ಮೆಟ್ಟಿಲು. ಇಲ್ಲಿ 200 ಐಟಿಐಗಳು ‘ಹಬ್’, 800 ‘ಸ್ಪೋಕ್’. ಗಾಡಿಯ ಚಕ್ರ ನೆನಪಿಸಿಕೊಳ್ಳಿ: ನಡುವೆ ಗುಂಬ, ಸುತ್ತ ಅರೆಕಾಲು. ದೊಡ್ಡ ಮಷೀನು, ಹೊಸ ಕೋರ್ಸು ಹಬ್‌ನಲ್ಲಿ. ಸುತ್ತಲಿನ ಐಟಿಐಗಳು ಅದಕ್ಕೆ ಜೋಡಣೆ. ಇಂಥ ಒಂದೊಂದು ಗುಂಪನ್ನೂ ನಡೆಸಲು ‘ಎಸ್‌ಪಿವಿ’ ಎಂಬ ಪ್ರತ್ಯೇಕ ಸಂಸ್ಥೆ. ಎಸ್‌ಪಿವಿ ಅಂದರೆ ಒಂದೇ ಉದ್ದೇಶಕ್ಕೆ ಹುಟ್ಟಿಸಿದ, ತನ್ನದೇ ಖಾತೆ, ತನ್ನದೇ ಲೆಕ್ಕಪತ್ರ ಇರುವ ಸಂಸ್ಥೆ. ‘ಸರ್ಕಾರದ ಒಡೆತನ, ಉದ್ಯಮದ ನಿರ್ವಹಣೆ’ ಅನ್ನುವುದು ಸರ್ಕಾರ ಕೊಟ್ಟ ವಿವರಣೆ. ಸಲಹೆ ಹೇಳಿ ಚಹಾ ಕುಡಿದು ಎದ್ದು ಹೋಗುತ್ತಿದ್ದವರು ಈಗ ಫಲಿತಾಂಶಕ್ಕೂ ಉತ್ತರ ಕೊಡಬೇಕು ಅನ್ನುವುದು ಇದರ ಹಿಂದಿನ ಯೋಚನೆ.

ಬೀರುವಿನಲ್ಲಿದ್ದ ಬೋರ್ ಗೇಜ್

ಇಷ್ಟು ಕಾಗದದ ಮಾತಾಯಿತು. ಮೇಜಿನ ಸುತ್ತ ಏನಾಗುತ್ತದೆ? ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಇಂಥ ಒಂದು ಸಭೆಯಲ್ಲಿ ಮೂಲೆಯಲ್ಲಿ ಕೂರುವ ಅವಕಾಶ ನನಗೆ ಸಿಕ್ಕಿತ್ತು.

ಹನ್ನೊಂದು ಗಂಟೆಯ ಸಭೆ ಹನ್ನೆರಡಕ್ಕೆ ಶುರುವಾಯಿತು. ಮೊದಲ ಮುಕ್ಕಾಲು ಗಂಟೆ ಹಾಜರಾತಿ, ಸೋರುವ ಛಾವಣಿ, ನೀರಿನ ಟ್ಯಾಂಕು. ಪ್ರಾಚಾರ್ಯರು ಕಾರ್ಖಾನೆಯವರ ಕಡೆ ತಿರುಗಿ ‘ನಮ್ಮ ಹುಡುಗರು ಹೇಗಿದ್ದಾರೆ ಸರ್?’ ಅಂದರು. ‘ಛಲೋ ಅದಾರ್ರಿ. ಸ್ವಲ್ಪ ಕಮ್ಯುನಿಕೇಷನ್ ಸುಧಾರಿಸಬೇಕು’ ಅಂತ ಉತ್ತರ ಬಂತು. ಎಲ್ಲರೂ ತಲೆಯಾಡಿಸಿದರು. ನಡಾವಳಿ ಪುಸ್ತಕದಲ್ಲಿ ‘ಕಮ್ಯುನಿಕೇಷನ್’ ಅಂತ ಬರೆದುಕೊಂಡರು. ಪುಟ ಹಿಂದೆ ತಿರುಗಿಸಿದರೆ ಹೋದ ಸಭೆಯಲ್ಲೂ ಅದೇ ಸಾಲಿತ್ತು.

ಆಗ ಫಿಟ್ಟರ್ ವಿಭಾಗದ ಜೆಟಿಓ (ಕಿರಿಯ ತರಬೇತಿ ಅಧಿಕಾರಿ, ಅಂದರೆ ಕಲಿಸುವವರು) ಮೇಡಂ ಒಂದು ಕೆಲಸ ಮಾಡಿದರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಎರಡು ಕಬ್ಬಿಣದ ತುಂಡುಗಳನ್ನು ಮೇಜಿನ ಮೇಲಿಟ್ಟರು. ವಿದ್ಯಾರ್ಥಿಗಳು ಅರ (ಫೈಲ್) ಹಾಕಿ ಉಜ್ಜಿ ಮಾಡಿದ ಚೌಕ ಫಿಟ್ಟಿಂಗು. ಒಂದರೊಳಗೆ ಒಂದು ಕೂರಬೇಕು. ಕಾರ್ಖಾನೆಯ ಯಜಮಾನರು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಬರುತ್ತಾ ಅಂತ ನೋಡಿದರು.

‘ಇದನ್ನ ಮಾಡಾಕ ಎಷ್ಟ್ ಹೊತ್ತು ಹಿಡೀತೈತ್ರಿ ಮೇಡಮ್?’

‘ಎರಡು ದಿನ ಸರ್.’

‘ಕೆಲಸ ಛಲೋ ಐತಿ. ಆದ್ರ ನಮ್ಮಲ್ಲಿ ಫೈಲ್ ಹಿಡಿಯೋ ಕೆಲಸಾನ ಭಾಳ ಕಡಿಮಿ. ಸಿಲಿಂಡರ್ ಬೋರ್ ಅಳೀಬೇಕು, ರೀಡಿಂಗ್ ಬರೀಬೇಕು. ಬೋರ್ ಗೇಜ್ ಕೈಗೆ ಕೊಟ್ರ ಝೀರೋ ಸೆಟ್ ಮಾಡಾಕ ಒದ್ದಾಡ್ತಾರ್ರಿ.’

ಬೋರ್ ಗೇಜ್ ಅಂದರೆ ಕೊಳವೆಯ ಒಳಗಿನ ವ್ಯಾಸ ಅಳೆಯುವ ಉಪಕರಣ. ಮೊದಲು ಮೈಕ್ರೋಮೀಟರಿಗೋ ರಿಂಗ್ ಗೇಜಿಗೋ ಹಿಡಿದು ಮುಳ್ಳನ್ನು ಸೊನ್ನೆಗೆ ತರಬೇಕು. ಅದು ತಪ್ಪಿದರೆ ಆಮೇಲಿನ ಎಲ್ಲ ಅಳತೆಯೂ ತಪ್ಪು.

‘ನಮ್ಮಲ್ಲೂ ಒಂದಿದೆ ಸರ್’ ಅಂದರು ಮೇಡಂ. ‘ಬೀರುವಿನಲ್ಲಿದೆ.’

ಯಾಕೆ ಬೀರುವಿನಲ್ಲಿ? ಸ್ಟಾಕ್ ರಿಜಿಸ್ಟರಿನಲ್ಲಿ ಅದು ಅವರ ಹೆಸರಿಗಿದೆ. ಇಪ್ಪತ್ತು ಹುಡುಗರ ಕೈಗೆ ಹೋಗಿ ಬಿದ್ದು ಹಾಳಾದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರು. ಹಾಗಾಗಿ ತೋರಿಸುತ್ತಾರೆ, ಕೈಗೆ ಕೊಡುವುದಿಲ್ಲ. ಇದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರಾಚಾರ್ಯರಿಗೂ.

ಮುಂದಿನದು ಹತ್ತು ನಿಮಿಷದಲ್ಲಿ ಮುಗಿಯಿತು. ಸಮಿತಿಯ ಹಣದಲ್ಲಿ ಅಭ್ಯಾಸಕ್ಕೇ ಅಂತ ಕೆಲವು ಗೇಜು ಕೊಳ್ಳುವುದು, ಅವನ್ನು ಬಳಸಿ ಸವೆಯುವ ಸಾಮಾನು ಅಂತಲೇ ಬರೆದುಕೊಳ್ಳುವುದು. ಕಾರ್ಖಾನೆಯಲ್ಲಿ ರಿಜೆಕ್ಟ್ ಆದ ಸಿಲಿಂಡರ್ ಕೊಳವೆಗಳನ್ನು ಐಟಿಐಗೆ ಕಳಿಸುವುದು. ಹುಡುಗರು ಅಳೆಯಲಿ, ಅದು ಯಾಕೆ ರಿಜೆಕ್ಟ್ ಆಯಿತು ಅಂತ ಅವರೇ ಹೇಳಲಿ.

‘ಹೇಗಿದ್ದಾರೆ?’ ಅಂದದ್ದಕ್ಕೆ ಬಂದದ್ದು ಒಂದು ಪದ. ಕಬ್ಬಿಣದ ತುಂಡು ಮೇಜಿಗೆ ಬಂದ ಮೇಲೆ ಕೆಲಸ ಬಂತು. ಉದ್ಯಮದವರಿಗೆ ಪಠ್ಯಕ್ರಮದ ಭಾಷೆ ಗೊತ್ತಿರುವುದಿಲ್ಲ, ಕೆಲಸದ ಭಾಷೆ ಗೊತ್ತಿರುತ್ತದೆ. ಅವರನ್ನು ಕೇಳಬೇಕಾದದ್ದು ಆ ಭಾಷೆಯಲ್ಲಿ: ಸೇರಿದ ಹುಡುಗನಿಗೆ ಮೊದಲ ವಾರ ಏನು ಕೆಲಸ ಕೊಡುತ್ತೀರಿ? ಎಲ್ಲಿ ತಪ್ಪು ಮಾಡುತ್ತಾನೆ? ಮೂರು ತಿಂಗಳಲ್ಲಿ ಬಿಟ್ಟು ಹೋದವರು ಯಾಕೆ ಹೋದರು?

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೇಡಂ ಫೈಲಿಂಗ್ ಬಿಡಲು ಒಪ್ಪಲಿಲ್ಲ. ‘ಅರ ಹಿಡಿದರೆ ಕೈಗೆ ಹದ ಬರುತ್ತೆ ಸರ್. ಗೇಜ್ ಹೇಳೋಕೂ ಮೊದಲು ಬೆರಳು ಹೇಳಬೇಕು’ ಅಂದರು. ಯಜಮಾನರು ನಕ್ಕು ಸುಮ್ಮನಾದರು.

ಪಠ್ಯ ಮುಟ್ಟದೆ ಏನು ಬದಲಿಸಬಹುದು?

ಬಹಳಷ್ಟು. 2022ರ ಪರಿಷ್ಕರಣೆಯ ನಂತರ ಪಠ್ಯದಲ್ಲಿ ವರ್ಷಕ್ಕೆ 150 ಗಂಟೆ ‘ಆನ್ ದ ಜಾಬ್ ಟ್ರೈನಿಂಗ್’ ಕಡ್ಡಾಯವಾಗಿದೆ. ಅಂದರೆ ಹತ್ತಿರದ ಕಾರ್ಖಾನೆಗೆ ಹೋಗಿ ಕೆಲಸದಲ್ಲೇ ಕಲಿಯುವುದು. ಕಾರ್ಖಾನೆ ಸಿಗದಿದ್ದರೆ ಅದರ ಬದಲು ಗುಂಪು ಪ್ರಾಜೆಕ್ಟು. ಸಮಿತಿ ಚುರುಕಾಗಿದ್ದ ಕಡೆ ಹುಡುಗರು ಆ 150 ಗಂಟೆ ಮಷೀನಿನ ಮುಂದೆ ಇರುತ್ತಾರೆ. ಇಲ್ಲದ ಕಡೆ ಥರ್ಮೋಕೋಲ್ ಮಾದರಿಯ ಮುಂದೆ.

ಇದಕ್ಕಿಂತ ಆಳವಾದದ್ದು ಜರ್ಮನಿಯ ಮಾದರಿ ನೋಡಿ 2016ರಲ್ಲಿ ತಂದ ಎರಡು ಕಡೆಯ ತರಬೇತಿ (ಡ್ಯುಯಲ್ ಸಿಸ್ಟಮ್ ಆಫ್ ಟ್ರೈನಿಂಗ್), ಎಲ್ಲರ ಬಾಯಲ್ಲಿ ‘ಡಿಎಸ್‌ಟಿ’. ಐಟಿಐ ಮತ್ತು ಕಾರ್ಖಾನೆ ಒಪ್ಪಂದ ಮಾಡಿಕೊಳ್ಳುತ್ತವೆ. ಒಂದು ವರ್ಷದ ಟ್ರೇಡಿನಲ್ಲಿ 3ರಿಂದ 6 ತಿಂಗಳು, ಎರಡು ವರ್ಷದ ಟ್ರೇಡಿನಲ್ಲಿ 6ರಿಂದ 12 ತಿಂಗಳು ಕಾರ್ಖಾನೆಯಲ್ಲೇ ತರಬೇತಿ.

ಉಳಿದವು ಸಣ್ಣವು, ಆದರೆ ಬೇಗ ಆಗುವಂಥವು. ಜೆಟಿಓಗಳನ್ನೇ ರಜೆಯಲ್ಲಿ ಒಂದು ವಾರ ಕಾರ್ಖಾನೆಗೆ ಕಳಿಸುವುದು. ಅಲ್ಲಿನ ಸೂಪರ್‌ವೈಸರ್ ಬಂದು ಎರಡು ತರಗತಿ ತೆಗೆದುಕೊಳ್ಳುವುದು. ಯಾವ ಟ್ರೇಡಿಗೆ ಊರಲ್ಲಿ ಕೆಲಸವೇ ಇಲ್ಲ, ಯಾವುದಕ್ಕೆ ಜನ ಸಿಗುತ್ತಿಲ್ಲ ಅಂತ ಇಲಾಖೆಗೆ ಬರೆಯುವುದು.

ಕಾರ್ಖಾನೆಯವರಿಗೆ ಏನು ಲಾಭ?

ಒಂದು ಲಾಭ ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ 2.5%ರಿಂದ 15%ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹೇಗಿದ್ದರೂ ತೆಗೆದುಕೊಳ್ಳಬೇಕು, ಅಂದಮೇಲೆ ಮೊದಲೇ ನೋಡಿದ, ತಮ್ಮ ಗೇಜು ಹಿಡಿದು ಗೊತ್ತಿರುವ ಹುಡುಗರು ಸಿಕ್ಕರೆ ಒಳ್ಳೆಯದಲ್ವಾ?

ಆದರೆ ಎರಡೂ ಕಡೆಯವರ ಹಿತ ಪೂರ್ತಿ ಒಂದೇ ಅಲ್ಲ. ಕಾರ್ಖಾನೆಗೆ ಬೇಕಾದದ್ದು ತನ್ನ ಮಷೀನು ಬಲ್ಲವರು, ಅದೂ ಈ ತಿಂಗಳೇ. ವಿದ್ಯಾರ್ಥಿಗೆ ಬೇಕಾದದ್ದು ಆ ಕಾರ್ಖಾನೆ ಮುಚ್ಚಿದರೂ ಅನ್ನ ಕೊಡುವ ವಿದ್ಯೆ. ಮೇಡಂ ಫೈಲಿಂಗ್ ಬಿಡದೆ ಹಿಡಿದದ್ದು ಈ ಎರಡನೆಯದಕ್ಕಾಗಿ. ತರಬೇತಿಯ ಹೆಸರಲ್ಲಿ ಹುಡುಗರನ್ನು ಪ್ಯಾಕಿಂಗ್ ವಿಭಾಗದಲ್ಲಿ ನಿಲ್ಲಿಸಿದರೆ ಅದು ತರಬೇತಿಯಲ್ಲ, ಅಗ್ಗದ ಕೂಲಿ. ಅದನ್ನು ಕೇಳುವವರೂ ಮೇಜಿನ ಸುತ್ತ ಇರಬೇಕು.

ಜರ್ಮನಿ ಇದನ್ನು ಕಾನೂನಿನಲ್ಲೇ ಬರೆದಿದೆ. ಅಲ್ಲಿನ ವೃತ್ತಿ ತರಬೇತಿ ಕಾಯ್ದೆಯ ಪ್ರಕಾರ ಪ್ರದೇಶವಾರು ಸಮಿತಿಗಳಲ್ಲಿ ಮಾಲೀಕರ ಕಡೆಯ ಆರು ಜನ, ಕಾರ್ಮಿಕರ ಕಡೆಯ ಆರು ಜನ, ಆರು ಶಿಕ್ಷಕರು. ಸಾಮಾನ್ಯವಾಗಿ ಮತ ಹಾಕುವವರು ಮೊದಲ ಎರಡು ಗುಂಪು, ಶಿಕ್ಷಕರು ಸಲಹೆಗೆ. ನಮ್ಮ ಹನ್ನೊಂದು ಜನರ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮಾಲೀಕರ ಕಡೆಯವರು ಐವರಿದ್ದಾರೆ. ಅದೇ ಕೆಲಸ ಇಪ್ಪತ್ತು ವರ್ಷ ಮಾಡಿದ ಕಾರ್ಮಿಕನಿಗೆ ಅಲ್ಲಿ ಮೀಸಲು ಕುರ್ಚಿ ಇಲ್ಲ. ಬೋರ್ ಗೇಜ್ ಸೊನ್ನೆಗೆ ತರಲು ಹುಡುಗರು ಯಾಕೆ ಒದ್ದಾಡುತ್ತಾರೆ ಅಂತ ಚೆನ್ನಾಗಿ ಗೊತ್ತಿರುವುದು ಯಜಮಾನರಿಗಿಂತ ಅವನಿಗೆ.

ಸಣ್ಣ ಕಾರ್ಖಾನೆಗಳ ಕಷ್ಟ ಬೇರೆ. ಹತ್ತು ಜನರ ವರ್ಕ್‌ಶಾಪಿನ ಮಾಲೀಕ ಮಧ್ಯಾಹ್ನದ ಸಭೆಗೆ ಬಂದರೆ ಅಲ್ಲಿ ಮಷೀನು ನಿಲ್ಲುತ್ತದೆ. ಹಾಗಾಗಿ ಅಧ್ಯಕ್ಷರ ಕುರ್ಚಿ ದೊಡ್ಡ ಕಂಪನಿಗೆ ಹೋಗುತ್ತದೆ, ಹುಡುಗರು ಹೋಗುವುದು ಸಣ್ಣ ವರ್ಕ್‌ಶಾಪಿಗೆ. ಸಭೆಯನ್ನೇ ಕೈಗಾರಿಕಾ ವಸಾಹತಿನಲ್ಲಿ ಸಂಜೆ ಆರಕ್ಕೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಮಕ್ಕಳನ್ನು ಸೇರಿಸುವ ಮುಂಚೆ

ಬೋರ್ಡಿನ ಮೇಲಿನ ಹೆಸರುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ವರ್ಗವಾಗಿ ಹೋದವರ ಹೆಸರೂ ಅಲ್ಲಿ ಉಳಿದಿರಬಹುದು. ಪ್ರಾಚಾರ್ಯರನ್ನು ಎರಡು ಮೂರು ಪ್ರಶ್ನೆ ಕೇಳಿ ನೋಡಿ. ಹೋದ ವರ್ಷ 150 ಗಂಟೆಗೆ ಈ ಟ್ರೇಡಿನ ಮಕ್ಕಳು ಯಾವ ಕಾರ್ಖಾನೆಗೆ ಹೋಗಿದ್ದರು? ಡಿಎಸ್‌ಟಿ ಒಪ್ಪಂದ ಇದೆಯಾ, ಇದ್ದರೆ ಯಾರ ಜತೆ? ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ? ಸಮಿತಿಯ ಕಾರ್ಯದರ್ಶಿ ಅವರೇ ಆದ್ದರಿಂದ ಉತ್ತರ ಅವರ ಹತ್ತಿರ ಇರಲೇಬೇಕು.

ಆಮೇಲೆ ಸಾಧ್ಯವಾದರೆ ಒಂದು ಸಲ ವರ್ಕ್‌ಶಾಪಿನೊಳಗೆ ಹೋಗಿ ಬನ್ನಿ. ಅಳತೆಯ ಉಪಕರಣಗಳು ಎಲ್ಲಿವೆ ಅಂತ ಕೇಳಿ. ಮಕ್ಕಳ ಟೇಬಲ್ಲಿನ ಮೇಲಿವೆಯಾ, ಇಲ್ಲ ಬೀರುವಿನಲ್ಲಾ?